ಕತ್ತಿನ ಹಿಂದಿನ ಮುದ್ರೆ

ನವೆಂಬರ್ ೮, ಶನಿವಾರ

ನನ್ನ ಬಾಯಿಗಿಷ್ಟು ಮಣ್ಣು ಹಾಕ.

ತಂಗಿ ದತ್ತು ತೆಗೆದುಕೊಂಡ ಮಗಳು ಹಳೇ ಸಾಮಾನಿನ ಅಂಗಡಿಯಲ್ಲಿ ಸಿಕ್ಕ ಗೊಂಬೆಯನ್ನು ನನಗೆ ತೋರಿಸಲೆಂದೇ ಓಡಿಬಂದಿದ್ದಳು. ಚೆನ್ನಾಗಿದೆ ಎಂದಿದ್ದರೆ ಸಾಕಿತ್ತು. ಆದರೆ ಬೀರು ತುಂಬ ಹಳೇ ಗೊಂಬೆ ಕೂಡಿಟ್ಟವಳ ಕೈ ಸುಮ್ಮನಿರುತ್ತದೆಯೇ? ಅದನ್ನು ಬೋರಲು ಹಾಕಿ ಕೂದಲೆತ್ತಿ ನೋಡಿದೆ. ಕತ್ತಿನ ಹಿಂದೆ ತಯಾರಕರ ಮುದ್ರೆ ಇರಲಿಲ್ಲ.

"ನಕಲಿ ಕಣೇ. ಯಾರು ಮಾಡಿದ್ದೋ, ಎಲ್ಲಿಂದ ಬಂತೋ," ಅಂದುಬಿಟ್ಟೆ.

ಹುಡುಗಿ ಗೊಂಬೆ ಎತ್ತಿಕೊಂಡು ಒಳಗೆ ಹೋದಳು. ಊಟಕ್ಕೆ ಕರೆದಾಗ ಬಂದು, ನನಗೆ ಬೆನ್ನು ಮಾಡಿ ನಿಂತು, ಜಡೆ ಎತ್ತಿ ಹಿಡಿದಳು.

"ದೊಡ್ಡಮ್ಮಾ, ನಂದೂ ನೋಡು. ಇದೆಯಾ?"

ಬಡಿಸುತ್ತಿದ್ದ ತಂಗಿಯ ಕೈ ಅಲ್ಲೇ ನಿಂತಿತು.

ಆ ಪುಟ್ಟ ಕತ್ತಿಗೊಂದು ಮುತ್ತು ಕೊಟ್ಟು, ಇದೆ ಕಂದಾ, ಎನ್ನಬಹುದಿತ್ತು. ನಾನು, ಹಾಳಾದವಳು, ಕನ್ನಡಕಕ್ಕೆ ಕೈ ಹಾಕಿದೆ.