ಒಣಗಿದ ಮೇಲಿನ ಕೆಂಪು

ಭಾನುವಾರ, ಮಾರ್ಚ್ ೯

ಮಗಳ ಅಪ್ಪನಿಗೆ,

ಕೆಂಪಿಗೆ ಕಾವಿರಬೇಕು, ಸಿಟ್ಟಿರಬಾರದು ಎಂದೇನೋ ಒಂದು ಮಾತಿತ್ತಲ್ಲ, ಅದನ್ನು ಹೇಳಿದ್ದು ನೀವೋ ನಾನೋ ಈಗ ಮರೆತಿದೆ. ನೀವು ಗೆರೆ ಎಳೆಯುತ್ತ, ನಾನು ಬಣ್ಣ ಕಲಸುತ್ತ ಒಂದೇ ಮೇಜಿನ ಎರಡು ಬದಿಗೆ ಹದಿನಾಲ್ಕು ವರ್ಷ ಕೂತೆವು. ಯಾವ ಮಾತು ಯಾರದೆಂಬುದೂ ಕಲಸಿಹೋಗಿದೆ. ನೀವು ಬೇರೆ ಮನೆ ಮಾಡಿದ ಆರು ವರ್ಷಕ್ಕೆ ನಿಮ್ಮಿಂದ ಬಂದ ಮೊದಲ ಕಾಗದ ಓದುವಾಗ ಅದು ನೆನಪಾಯಿತು. ಅದರಲ್ಲಿ ಸಿಟ್ಟೇ ಹೆಚ್ಚಿತ್ತು.

ಸಸ್ಯ ಸಂಗ್ರಹಾಲಯದ ಗೋಡೆಯಿಂದ ನಿಮ್ಮ ದಾಳಿಂಬೆ ಹೂವಿನ ಆರು ಚಿತ್ರದ ಹಾಳೆಗಳನ್ನು ಇಳಿಸಿದ್ದು ನಿಜ. ಅವನ್ನು ಮತ್ತೆ ಬರೆಯುವ ಕೆಲಸ ನಮ್ಮ ಮಗಳಿಗೆ ಬಂದದ್ದೂ ನಿಜ. ನಿಮ್ಮ ರುಜು ಇಲ್ಲದೆ ಅವಳ ಹಾಳೆಗಳನ್ನು ಗೋಡೆಗೆ ಹಾಕುವುದಿಲ್ಲ ಎಂದು ಅಲ್ಲಿನವರು ಹೇಳಿದ್ದಾರೆ. ಒಪ್ಪಿಗೆ ಕಾಗದವನ್ನು ಇದರ ಜೊತೆ ಇಟ್ಟಿದ್ದೇನೆ. ‘ಅಪ್ಪನ ಹೆಸರಿನ ಮೇಲೆ ಬಣ್ಣ ಬಳಿಯಲು ಹೊರಟ ಮಗಳು’ ಎಂದು ನೀವು ಬರೆದ ಸಾಲನ್ನು ಅವಳಿಗೆ ತೋರಿಸಿಲ್ಲ.

ಇಳಿಸಿದ ಹಾಳೆಗಳನ್ನು ಹೋಗಿ ನೋಡಿದೆ. ಎಲೆ, ತೊಟ್ಟು, ನೆರಳು ಎಲ್ಲ ಇದ್ದ ಹಾಗೇ ಇವೆ. ಹೂ ಮಾತ್ರ ತಣ್ಣಗಾದ ಚಹಾದ ಬಣ್ಣಕ್ಕೆ ಬಂದಿದೆ. ಅಲ್ಲಿನ ಮೇಲ್ವಿಚಾರಕಿ ಪಕ್ಕದಲ್ಲಿ ನಿಂತು, "ಗೆರೆ ನೋಡಿ ಮೇಡಂ, ಒಂದೂ ಅಲ್ಲಾಡಿಲ್ಲ. ಕೆಂಪೊಂದೇ ಕೈ ಕೊಡ್ತು" ಅಂದರು. ನಾನು ಕನ್ನಡಕ ತೆಗೆದು ಒರೆಸಿಕೊಂಡೆ.

ಮಗಳು ಹೇಗೆ ಕೆಲಸ ಮಾಡಿದಳು ಎಂದು ಹೇಳುತ್ತೇನೆ. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತೀರಿ, ಅನ್ನಿ. ಹೋದ ಏಪ್ರಿಲಿನಲ್ಲಿ ಒಂಬತ್ತು ಕೆಂಪುಗಳನ್ನು ಪಟ್ಟಿ ಪಟ್ಟಿಯಾಗಿ ಬಳಿದು, ಅರ್ಧಕ್ಕೆ ರಟ್ಟು ಮುಚ್ಚಿ, ಬಿಸಿಲು ಬೀಳುವ ಅಡುಗೆಮನೆ ಕಿಟಕಿಗೆ ಅಂಟಿಸಿದಳು. ಹತ್ತು ತಿಂಗಳು ನಾನು ಆ ಗಾಜು ಒರೆಸುವಂತಿರಲಿಲ್ಲ. ರಟ್ಟು ತೆಗೆದ ದಿನ ನಾಲ್ಕು ಪಟ್ಟಿ ಮಾತ್ರ ಎರಡೂ ಅರ್ಧಕ್ಕೆ ಒಂದೇ ಥರ ಉಳಿದಿದ್ದವು. ನನಗೆ ಎಲ್ಲಕ್ಕಿಂತ ಚೆಂದ ಕಂಡಿದ್ದ ಪಟ್ಟಿಯಲ್ಲಿ ಬಿಸಿಲು ಬಿದ್ದ ಅರ್ಧ ಪೂರ್ತಿ ಮಾಸಿತ್ತು. "ನಿನ್ನ ಹೀರೋ ಓಡಿಹೋದ ನೋಡಮ್ಮ" ಅಂತ ನಕ್ಕಳು.

ಉಳಿದವುಗಳಲ್ಲಿ ಕಿತ್ತಳೆಗೆ ವಾಲುವ ಒಂದು ಕೆಂಪನ್ನು ಆರಿಸಿಕೊಂಡಳು. ಅದೊಂದರಿಂದಲೇ ಹೂವಿಗೆ ಆಳ ಬರುವುದಿಲ್ಲ. ನೆರಳಿಗೆಂದು ನೀಲಿ ಮುಟ್ಟುತ್ತಾಳೋ ಎಂದು ಕಾದು ಕೂತೆ. ಕಿತ್ತಳೆ ಅಂಶದ ಕೆಂಪಿಗೆ ನೀಲಿ ಬಿದ್ದರೆ ಕೆಸರೇ ಗತಿ. ಮುಟ್ಟಲಿಲ್ಲ. ಬಿಸಿಲಿಗೆ ಹೆದರದ ಗುಲಾಬಿ ಬಣ್ಣವನ್ನು ಕುಂಚದ ತುದಿಯಷ್ಟು ತಂದು ಸೇರಿಸಿದಳು. ನನಗೆ ತಡೆಯದೆ, ಚೆನ್ನಾಗಿ ಬಂತು ಎಂದೆ. "ಒದ್ದೆ ಇದ್ದಾಗ ಎಲ್ಲಾ ಬಣ್ಣಾನೂ ಚೆನ್ನಾಗೇ ಇರುತ್ತೆ. ಒಣಗ್ಲಿ, ಆಮೇಲೆ ಹೊಗಳು" ಅಂದಳು.

ಒಣಗಿತು. ಒಂದು ಛಾಯೆ ತಿಳಿಯಾದರೂ ಕಾವು ಉಳಿಯಿತು. ನಾನು ಹೊಗಳಲಿಲ್ಲ, ಬಣ್ಣದ ತಟ್ಟೆ ತೊಳೆದುಕೊಟ್ಟೆ. ನಮ್ಮ ಮನೆಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಇರಲಿಲ್ಲ, ನಿಮಗೂ ಗೊತ್ತು.

ಗೆರೆ ನಿಮ್ಮದೇ. ಕೂದಲೆಳೆಯಷ್ಟೂ ಅವಳು ಅದನ್ನು ಮೀರಿಲ್ಲ. ಈ ಹೆಮ್ಮೆಯಲ್ಲಿ ನಿಮಗೂ ಪಾಲಿದೆ. ಬೇಡವೆಂದರೆ ಅದನ್ನೂ ನಾನೇ ಇಟ್ಟುಕೊಳ್ಳುತ್ತೇನೆ.

ಇಂತಿ,
ಅವಳ ಅಮ್ಮ

ತಾ.ಕ.: ರುಜು ಹಾಕುವ ಮೊದಲು ನಿಮಗೆ ಇದು ತಿಳಿದಿರಬೇಕು. ಆ ಆರು ಹಾಳೆಗಳಿಗೆಂದು ನೀವು ಅಂದು ತಂದುಕೊಟ್ಟದ್ದು ಬಾಳಿಕೆ ಬರುವ ಕೆಂಪೇ. ನನ್ನ ಕಣ್ಣಿಗೆ ಅದು ಗೋಡೆಗೆ ಬಳಿದ ಹಾಗೆ ಕಂಡಿತು; ಹಾಳೆಯ ಬೆಳಕು ಅದರೊಳಗಿಂದ ಹಾಯುತ್ತಿರಲಿಲ್ಲ. ನಿಮಗೆ ಹೇಳದೆ ಬೇರೆಯದನ್ನು ಕಲಸಿಟ್ಟೆ. ಮೊದಲ ಹಾಳೆ ಮುಗಿಸಿ, "ಇವತ್ತು ಕೈ ಚೆನ್ನಾಗಿ ಕೂತಿದೆ ಕಣೇ" ಅಂದಿರಿ. ಆ ಹೊತ್ತಿಗೂ, ಆಮೇಲೆ ಜನ ಆ ಹೂಗಳ ಮುಂದೆ ನಿಂತು ಬಿಡುತ್ತಿದ್ದಾಗಲೂ, ನನ್ನಲ್ಲಿ ಅಳುಕಿಗಿಂತ ಹೆಮ್ಮೆಯೇ ಹೆಚ್ಚಿತ್ತು. ಮೊನ್ನೆ ಮಗಳಿಗೆ ಹೇಳಿದೆ. ಅವಳು ಬೈಯಲಿಲ್ಲ. ಒಪ್ಪಿಗೆ ಕಾಗದದ ಕೆಳಗೆ ಪೆನ್ಸಿಲಿನಲ್ಲಿ ಒಂದು ಸಾಲು ಸೇರಿಸಿದಳು: ‘ಹಳೆಯ ಹಾಳೆಗಳ ಕೆಂಪು ಕಲಸಿದವರು’. ಮುಂದೆ ಖಾಲಿ ಜಾಗ ಬಿಟ್ಟಿದ್ದಾಳೆ. ಅಲ್ಲಿ ನನ್ನ ಹೆಸರು ಬರೆಯುತ್ತೀರೋ, ಸಾಲನ್ನೇ ಅಳಿಸಿ ಕಳಿಸುತ್ತೀರೋ?