ಸಾಹೇಬರ ಮಗಳ ಮದುವೆಗೆ ಕೇಳಿದ ಹೊದಿಕೆ

ತ್ರಿಪ್ಪುಣಿತ್ತುರ
೧೮ ಮೇ ೧೯೭೨

ಪ್ರೀತಿಯ ಕೃಷ್ಣಾನಂದ,

ಅಮ್ಮನ ಆಶೀರ್ವಾದ. ಮುಂಬಯಿಯ ನೀರಿಗೆ ಕೆಟ್ಟಿದ್ದ ನಿನ್ನ ಹೊಟ್ಟೆ ಈಗ ಹೇಗಿದೆ? ಮೆಸ್ಸಿನ ಊಟ ಒಗ್ಗದಿದ್ದರೆ ಎರಡು ದಿನ ಗಂಜಿ ಕುಡಿ. ಬ್ಯಾಂಕಿನ ಟ್ರೈನಿಂಗಿಗೆ ಹೋದವನು ಗಂಜಿ ಕುಡಿದ ಎಂದು ಯಾರೂ ಪ್ರಮೋಷನ್ ತಪ್ಪಿಸುವುದಿಲ್ಲ. ನನ್ನ ಮೊಣಕಾಲು ಹಾಗೇ ಇದೆ. ನಿನ್ನ ಹೆಂಡತಿ ಕುಸುಮ ಹೇಗಿದ್ದಾಳೆಂದು ನೀನು ಕೇಳಿಲ್ಲ. ಚೆನ್ನಾಗಿದ್ದಾಳೆ.

ನೀನು ಕೇಳಿದ್ದು, ನಿನ್ನ ಬ್ಯಾಂಕಿನ ಸಾಹೇಬರಿಗೆ ಉಡುಗೊರೆ ಕೊಡಲು, ಅವಳ ತುಂಡುಬಟ್ಟೆಯ ಹೊದಿಕೆಯನ್ನು. ಮುಗಿಯಿತು. ಮೂರು ವರ್ಷದ ಕೆಲಸವನ್ನು ‘ಸಾಹೇಬರ ಮಗಳ ಮದುವೆಯೊಳಗೆ ಮುಗಿಸಲು ಹೇಳು’ ಎಂದು ನನಗೆ ಒಂದು ಸಾಲು ಬರೆದೆಯಲ್ಲ, ಅದು ಹೇಗೆ ಆಗುತ್ತದೆಂದು ನಿನಗೆ ಗೊತ್ತಿರಲಿಕ್ಕಿಲ್ಲ. ಫೋರ್ಟ್ ಕೊಚ್ಚಿಯ ಆಂಗ್ಲೋ ಇಂಡಿಯನ್ ಅಜ್ಜಿಯೊಬ್ಬರಿಂದ ಅವಳು ಕಲಿತ ಕ್ರಮ ಅದು. ದಪ್ಪ ಕಾಗದವನ್ನು ಆರು ಮೂಲೆಯಾಗಿ ಕತ್ತರಿಸಬೇಕು (ನನ್ನ ಹಳೆಯ ಮಾಸಪತ್ರಿಕೆಗಳ ರಟ್ಟೆಲ್ಲ ಹಾಗೇ ಹೋಯಿತು, ಒಳಗಿನ ಲೇಖನಗಳನ್ನು ಮಾತ್ರ ನಾನು ಬಿಟ್ಟುಕೊಡಲಿಲ್ಲ). ಅದರ ಮೇಲೆ ಬಟ್ಟೆ ಮಡಚಿ ಕಚ್ಚಾ ಹೊಲಿಗೆ ಹಾಕಿ, ಅಂಚಿಗೆ ಅಂಚು ಸೇರಿಸಿ, ದಾರ ಕಾಣದ ಹಾಗೆ ಹೊಲಿಯಬೇಕು. ಸುತ್ತಲಿನ ತುಂಡುಗಳು ಕೂಡಿದ ಮೇಲೆಯೇ ನಡುವಿನದರ ಕಾಗದ ತೆಗೆಯುವುದು. ನಿನ್ನ ಅವಸರದ ಪತ್ರ ಬಂದ ವಾರ ಅವಳು ಹೆದರಿ ಕೊನೆಯ ಸಾಲಿನ ಕಾಗದಗಳನ್ನು ಮೊದಲೇ ಎಳೆದುಬಿಟ್ಟಳು. ಅಂಚು ಜಗ್ಗಿ ಸುಟ್ಟ ಹಪ್ಪಳದ ಹಾಗೆ ಸೊಟ್ಟಗಾಯಿತು. ಇಡೀ ಸಾಲು ಬಿಚ್ಚಿ ಹೊಸದಾಗಿ ಕಾಗದ ಕತ್ತರಿಸಲು ಕೂತಳು. ಯಾರದೋ ಮನೆಗೆ ಹೋಗುವುದಕ್ಕೆ ಇಷ್ಟು ಯಾಕೆ ಮಾರಾಯ್ತಿ ಎಂದು ಕೇಳಿದೆ. “ಯಾರಿಗೆ ಅಂತ ಈಗ ಹೇಳ್ಬೇಡಿ ಅತ್ತೆ. ಮುಗಿಯುವವರೆಗಾದ್ರೂ ನನ್ನದು ಅಂತ ಇರ್ಲಿ” ಅಂದಳು. ಕೊನೆಯ ಗಂಟು ಹಾಕಿದ ದಿನ ಸಾವಿನ ಮನೆಯವರ ಹಾಗೆ ಇಬ್ಬರೂ ಒಲೆ ಹಚ್ಚಲಿಲ್ಲ.

ಒಳಬದಿಗೆ ಗುಲಾಬಿ ಬಣ್ಣ ಇರಲಿ, ಸಾಹೇಬರ ಹೆಂಡತಿಗೆ ಇಷ್ಟ, ಎಂದು ಬರೆದಿದ್ದೀ. ತಿಳಿಸಿದೆ. ಅವಳು ತಲೆ ಎತ್ತಲಿಲ್ಲ. ಒಳಬದಿ ನೀಲಿ. ಮೇಲೆ ಅವಳ ಮದುವೆಯ ರವಕೆ ಇದೆ, ನನ್ನ ಇಳಕಲ್ ಸೀರೆಯ ಸೆರಗಿದೆ, ನಿನ್ನ ಕಾಲೇಜಿನ ಗೆರೆಗೆರೆ ಅಂಗಿಯೂ ಇದೆ. ಅದನ್ನು ಹೊದ್ದು ಮಲಗಬೇಕಿದ್ದ ಮದುಮಗಳಿಗೆ ನಿನ್ನ ಅಂಗಿಯ ಸಂಗತಿ ಹೇಳುವವನಿದ್ದೆಯೋ ಇಲ್ಲವೋ.

ನಾನು ಓದುವವಳು, ಮರೆಯುವುದು ಕಡಿಮೆ. ಅರುವತ್ತೊಂಬತ್ತರ ಓಣಕ್ಕೆ ಅವಳ ಕಸೂತಿಯ ಮೇಜುಬಟ್ಟೆಯನ್ನು ನೀನು ಇದೇ ಸಾಹೇಬರ ಮನೆಗೆ ಕೊಟ್ಟೆ. ಮುಂದಿನ ವರ್ಷ ಎರ್ನಾಕುಲಂನ ಲೇಡೀಸ್ ಕ್ಲಬ್ಬಿನ ಪ್ರದರ್ಶನದಲ್ಲಿ ಆ ಹೆಂಗಸು ಅದನ್ನು ತನ್ನ ಕೈಕೆಲಸವೆಂದು ಇಟ್ಟು ಮೊದಲ ಬಹುಮಾನ ತೆಗೆದುಕೊಂಡಳು. ಕುಸುಮ ನಾಲ್ಕನೇ ಸಾಲಿನಲ್ಲಿ ಕೂತಿದ್ದಳು. ನೀನು ಅವಳ ಮೊಣಕೈ ತಿವಿದು ಹೇಳಿದ್ದು ಪಕ್ಕದಲ್ಲಿದ್ದ ನನಗೂ ಕೇಳಿತು: “ಚಪ್ಪಾಳೆ ತಟ್ಟು, ಅವರು ಇತ್ತ ನೋಡ್ತಾ ಇದ್ದಾರೆ.” ಅವಳು ತಟ್ಟಿದಳು. ಮೂವತ್ತೆಂಟರಲ್ಲಿ ಕಾಸರಗೋಡಿನಲ್ಲಿ ನಿನ್ನ ಅಪ್ಪ ನಾನು ಹೆಣೆದ ಲೇಸನ್ನು ಮುನ್ಸೀಫರ ಮನೆಗೆ ಹೊತ್ತೊಯ್ದಾಗ ನಾನೂ ಹೀಗೇ ನಗುತ್ತಾ ನಿಂತಿದ್ದೆ. ಆಗ ಬ್ರಿಟಿಷರಿದ್ದರು ಎಂದಾದರೂ ಹೇಳಿಕೊಳ್ಳಬಹುದಿತ್ತು. ದೇಶಕ್ಕೆ ಸ್ವಾತಂತ್ರ್ಯ ಬಂದು ಇಪ್ಪತ್ತೈದು ವರ್ಷವಾಗುತ್ತಾ ಬಂತು, ಬ್ಯಾಂಕು ರಾಷ್ಟ್ರದ್ದಾಯಿತು, ನಿನ್ನ ಹೆಂಡತಿಯ ಬೆರಳುಗಳು ಮಾತ್ರ ಇನ್ನೂ ಸಾಹೇಬರ ಖಾತೆಯಲ್ಲಿವೆ. ‘ಮನೇಲಿ ಕೂತವರಿಗೆ ಕಾಲ ಕಳೀಲಿಕ್ಕೆ ಒಳ್ಳೇದು’ ಎಂದು ನೀನು ಬಂದವರೆದುರು ಹೇಳುತ್ತೀಯಲ್ಲ, ಆ ಮಾತಿಗೆ ಅವಳು ಒಳಗೆ ಹೋಗಿ ಕಾಫಿ ತರುತ್ತಾಳೆ. ನಾನು ಅವಳ ಮುಖ ನೋಡುತ್ತೇನೆ. ನೀನು ನೋಡಿಲ್ಲ.

ಹೊಟ್ಟೆಯ ಬಗ್ಗೆ ಜಾಗ್ರತೆ. ಹೊರಗಿನ ಶರಬತ್ತು ಬೇಡ. ನಿನಗೆ ದೇವರು ಆರೋಗ್ಯ ಕೊಡಲಿ, ಬುದ್ಧಿಯನ್ನೂ ಕೊಡಲಿ.

ನಿನ್ನ ಅಮ್ಮ,
ಅನಸೂಯಾ

ಮತ್ತೆ: ಬಸ್ಸಿಗೆ ಹೊತ್ತಾಯಿತು, ಚುಟುಕಾಗಿ ಬರೆಯುತ್ತೇನೆ. ತಿಂಗಳ ಕೊನೆಗೆ ಬಂದರೆ ಹೊದಿಕೆ ಇಲ್ಲಿ ಸಿಗುವುದಿಲ್ಲ, ನಾವೂ ಇರುವುದಿಲ್ಲ. ಬೀಗದ ಕೈ ಎದುರುಮನೆಯಲ್ಲಿದೆ. ತಿರುವನಂತಪುರದ ಪಟ್ಟಂನಲ್ಲಿ ಒಂದು ಹೆಣ್ಣುಮಕ್ಕಳ ಶಾಲೆಗೆ ಹೊಲಿಗೆ ಟೀಚರ್ ಬೇಕೆಂದು ಪತ್ರಿಕೆಯಲ್ಲಿ ಓದಿ ಅರ್ಜಿ ಹಾಕಿಸಿದವಳು ನಾನು. ಕುಸುಮಳಿಗೆ ಜೂನ್‌ನಿಂದ ಕೆಲಸ. ಕೋಣೆ ಹಿಡಿದಾಯಿತು, ನಾನೂ ಅವಳ ಜೊತೆಗೇ ಇರುತ್ತೇನೆ. ಸಾಹೇಬರ ಮಗಳಿಗೆ ನೀನು ಒಂದು ಬೆಳ್ಳಿ ಲೋಟ ಕೊಡು. ಸಂದರ್ಶನದ ದಿನ ಇವಳು ಹೊದಿಕೆಯನ್ನು ಹೆಡ್ಮಿಸ್ಟ್ರೆಸರ ಮೇಜಿನ ಮೇಲೆ ಹರಡಿದಳಂತೆ. ಯಾರು ಹೊಲಿದದ್ದು ಎಂದು ಅವರು ಕೇಳಿದರಂತೆ. “ನಾನು” ಅಂದಳಂತೆ. ಹಾಗೆ ಹೇಳಿ ಅಭ್ಯಾಸವಿಲ್ಲ ನೋಡು, ಸ್ವರ ಹೊರಡದೆ ಎರಡನೇ ಸಲ ಹೇಳಬೇಕಾಯಿತಂತೆ.