ನೀನು ತುಂಬಿದ ತೋಟೆ

ಅಮ್ಮಾ,

ನೀನು ಓದುವುದಿದ್ದರೆ ಮೊದಲು ಬೈದುಬಿಡು. ಒಂದು ಸುಳ್ಳು ಒಪ್ಪಿಕೊಳ್ಳುವುದಿದೆ.

ಅಪ್ಪನ ಕೈ ನಡುಗಲು ಶುರುವಾದ ಮೇಲೆ ಕೋವಿಯ ತೋಟೆ ತುಂಬುವ ಕೆಲಸ ನಿನ್ನ ಪಾಲಿಗೆ ಬಂತಲ್ಲ? ಲೈಸೆನ್ಸಿನ ಕೋವಿ, ಗದ್ದೆಗೆ ಇಳಿಯುವ ಹಂದಿಗಳು. ಹಾರಿಸಿ ಉಳಿದ ಹಿತ್ತಾಳೆಯ ಖಾಲಿ ತೋಟೆಗಳನ್ನು ಹುಣಸೆಹುಳಿಯಲ್ಲಿ ತಿಕ್ಕಿ, ಒಣಗಿಸಿ, ಮತ್ತೆ ಮದ್ದು, ಸೀಸದ ಚರೆ ಅಳೆದು ತುಂಬುತ್ತಿದ್ದೆ. ಆಗ ಯಾರೂ ಉಸಿರೆತ್ತಬಾರದು. ಅದೇನು ಗತ್ತು ಮಾರಾಯ್ತಿ ನಿನ್ನದು!

ನಾನು ಕತಾರಿಗೆ ಹೊರಟಾಗ ಅತ್ತಿಗೆ ಸೆಂಟು ಕೇಳಿದಳು, ನೀನು ಖಾಲಿ ತೋಟೆ ಕೇಳಿದೆ. "ಅಲ್ಲಿ ಶೇಖುಗಳು ಬೇಟೆಗೆ ಹೋಗ್ತಾರಂತೆ. ಹಿತ್ತಾಳೆದ್ದು ಸಿಕ್ಕಿದ್ರೆ ನಾಲ್ಕು ತಾ ಮಗಾ. ಇಲ್ಲಿದ್ದು ತುಂಬಿಸಿ ತುಂಬಿಸಿ ಹಳತಾಗಿದೆ."

ಕೊಲ್ಲಿ ಯುದ್ಧ ಮುಗಿದ ಮರುವರ್ಷ ಒಂದು ಶುಕ್ರವಾರ ಮೆಸಯೀದಿನ ಆಚೆ ಮರಳುಗಾಡಿಗೆ ಹೋಗಿದ್ದೆವು. ಬೇಟೆಯವರು ಬಿಟ್ಟುಹೋದ ಪ್ಲಾಸ್ಟಿಕ್ ತೋಟೆಗಳ ನಡುವೆ ಹಿತ್ತಾಳೆಯವು ಐದು ಸಿಕ್ಕವು. ಹೆಬ್ಬೆರಳಿಗೆ ತೊಡಿಸಿ ನೋಡಿದೆ, ಅಪ್ಪನ ಕೋವಿಯದೇ ಅಳತೆ. ಎಷ್ಟು ಖುಷಿಯಾಯಿತು ಗೊತ್ತಾ? ನಿನ್ನ ಅಳಿಯ ಮಾತ್ರ ಬೆವತುಹೋದರು. "ಏರ್‌ಪೋರ್ಟಲ್ಲಿ ಹಿಡಿದ್ರೆ ನನ್ನ ಕೆಲಸ ಖಲಾಸ್. ಬಿಸಾಡು!" ಬಿಸಾಡಿದೆ. ನಿನಗೆ "ಇಲ್ಲಿ ಅಂಥದ್ದು ಸಿಗುವುದಿಲ್ಲ" ಎಂದು ಬರೆದೆ. ನಿಜ ಬರೆದಿದ್ದರೆ ನೀನೇ ಬೇಡ ಅನ್ನುತ್ತಿದ್ದೆಯೋ ಏನೋ...

ಮುಂದಿನ ಕೊಯ್ಲಿನ ಹೊತ್ತಿಗೆ ಹಳೇ ತೋಟೆಯೊಂದು ಕೋವಿಯೊಳಗೇ ಸಿಡಿದು ಅಪ್ಪನ ಬಲಗೆನ್ನೆ ಸುಟ್ಟಿತು. ಮದ್ದು ಹೆಚ್ಚು ಹಾಕಿದ್ದಾಳೆ ಅಂದರು ಎಲ್ಲರೂ. ನೀನೂ ನಂಬಿದೆ. ಆಮೇಲೆ ತೋಟೆ ಮುಟ್ಟಲಿಲ್ಲ. ಅಪ್ಪನಿಗೆ ಬಡಿಸುವಾಗಲೂ ಎಡಬದಿಗೇ ನಿಲ್ಲುತ್ತಿದ್ದೆ, ಆ ಕಲೆ ಕಾಣದ ಹಾಗೆ. ರಜೆಗೆ ಬಂದಾಗಲೆಲ್ಲ ನಾನು ನೋಡುತ್ತಿದ್ದೆ ಅಮ್ಮ. ನೋಡಿಯೂ ಬಾಯಿ ಬಿಡಲಿಲ್ಲ. ಬಿಸಾಡಿದ ಐದರಲ್ಲೊಂದು ಅವತ್ತು ಆ ಕೋವಿಯಲ್ಲಿ ಇರಬೇಕಿತ್ತು.

ನಿನ್ನ ಉತ್ತರಕ್ರಿಯೆಗೆ ಬಂದಾಗ ಆ ಸಿಡಿದ ತೋಟೆ ಅಟ್ಟದಲ್ಲಿ ನಿನ್ನ ಅಳಿಯನ ಕೈಗೆ ಸಿಕ್ಕಿತು. ಪ್ಲಾಂಟಿನ ಪೈಪುಗಳಲ್ಲಿ ಬಿರುಕು ಹುಡುಕುವುದೇ ಅವರ ಕೆಲಸ ತಾನೆ? ಅಂಗಳದ ಬಿಸಿಲಲ್ಲಿ ಭೂತಗನ್ನಡಿ ಹಿಡಿದು ತುಂಬಾ ಹೊತ್ತು ನೋಡಿದರು. "ಈ ಬಿರುಕು ಮೊದಲೇ ಇತ್ತು. ಬರಿಗಣ್ಣಿಗೆ ಕಾಣುವಂಥದ್ದಲ್ಲ. ಮದ್ದು ಜಾಸ್ತಿಯಾಗಿ ಒಡೆದದ್ದಲ್ಲ ಇದು. ಅತ್ತೆಯ ಕೈ ತಪ್ಪಲಿಲ್ಲ" ಅಂದರು.

ನನ್ನ ಸುಳ್ಳೂ ಸೇರಿ ಎಲ್ಲವನ್ನೂ ಅಪ್ಪನಿಗೆ ಹೇಳಿದೆ. ಬೈಯಲಿಲ್ಲ. ಕೆನ್ನೆ ಸವರಿಕೊಂಡು, "ನನ್ನತ್ರ ಎಂಥಕ್ಕೆ ಹೇಳ್ತೀ ಮಗಾ? ಅವಳತ್ರ ಹೇಳು" ಅಂದರು.

ಹೇಳುತ್ತಿದ್ದೇನೆ ಅಮ್ಮ. ನೀನು ಅಳೆದದ್ದು ಸರಿಯಾಗಿಯೇ ಇತ್ತು.